ಹವಳದ್ವೀಪಗಳಿಗೆ, ಬೆನ್ನುನೋವಿನೊಡನೆ

ಭಾರತದ ಭೂಪಟದಲ್ಲಿ ಕೇರಳದ ಪಡುವಣಕ್ಕೆ, ಯಾರೋ ಲೇಖನಿಯನ್ನು ಕೊಡವಿದಾಗ ಸಿಡಿದ ಮಸಿಯ ಹನಿಗಳಂತೆ ಕೆಲವು ಚುಕ್ಕೆಗಳು ಕಾಣುತ್ತವೆ. ಅವೇ ಲಕ್ಷದ್ವೀಪಗಳು. ಹೆಸರಿನಲ್ಲಿ ಲಕ್ಷವಿದ್ದರೂ ದಾಖಲೆಗಳ ಎಣಿಕೆ 36ಕ್ಕೇ ಮುಗಿಯುತ್ತದೆ. ಅವುಗಳಲ್ಲಿ ಜನವಸತಿಯಿರುವುವು 10. ಎಲ್ಲ ದ್ವೀಪಗಳನ್ನೂ ಒಟ್ಟುಗೂಡಿಸಿದರೆ ನೆಲದ ವಿಸ್ತೀರ್ಣ ಸುಮಾರು 32 ಚದರ ಕಿಲೋಮೀಟರು ಮಾತ್ರ. ಈ ನೆಲವನ್ನು ಕಟ್ಟಿದ್ದು ಬೆಟ್ಟವಲ್ಲ, ನದಿಯೂ ಅಲ್ಲ. ತೀರ ಚಿಕ್ಕದಾದ ಹವಳದ ಜೀವಿಗಳು.

ಕನ್ನಡಿಗರಿಗೆ ಈ ದ್ವೀಪಗಳು ತೀರ ಅಪರಿಚಿತವೂ ಅಲ್ಲ. ಉತ್ತರದ ಅಮೀನ್‌ದೀವಿ ಗುಂಪಿನ ದ್ವೀಪಗಳು ಒಂದು ಕಾಲದಲ್ಲಿ ಟಿಪ್ಪು ಸುಲ್ತಾನನ ಆಳ್ವಿಕೆಯಲ್ಲಿದ್ದುವು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಅವು ಬ್ರಿಟಿಷರ ಕೈಸೇರಿ ದಕ್ಷಿಣ ಕನ್ನಡ ಜಿಲ್ಲೆಗೆ ಸೇರ್ಪಡೆಯಾದುವು. ದ್ವೀಪದವರು ಹಾಯಿಹಡಗುಗಳಲ್ಲಿ ತೆಂಗಿನ ನಾರನ್ನು ಮಂಗಳೂರಿಗೆ ತಂದಿಳಿಸಿ, ಅಕ್ಕಿಯನ್ನು ತುಂಬಿಕೊಂಡು ಹಿಂದಿರುಗುತ್ತಿದ್ದರು. 1956ರ ನವೆಂಬರ್ 1ರಂದು, ಕನ್ನಡ ನಾಡು ಒಂದಾದ ದಿನವೇ, ಈ ದ್ವೀಪಗಳೆಲ್ಲ ಸೇರಿ ಕೇಂದ್ರಾಡಳಿತ ಪ್ರದೇಶವಾಯಿತು. ಲಕ್ಷದ್ವೀಪವೆಂಬ ಇಂದಿನ ಹೆಸರು ಬಂದುದು 1973ರಲ್ಲಿ.

2019ರ ಜನವರಿಯಲ್ಲಿ ಬೆಂಗಳೂರಿನ ಒಂದು ಕುಟುಂಬವು ಈ ಯಾತ್ರೆಗೆ ಹೊರಟಿತು. ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದ ಯಜಮಾನರು, ಶಾಲೆಯೊಂದರ ಉಪಾಧ್ಯಾಯಿನಿಯಾಗಿದ್ದ ಅವರ ಪತ್ನಿ, ಇಬ್ಬರು ಮಕ್ಕಳು, ಎಪ್ಪತ್ತನ್ನು ದಾಟಿದ ಅಜ್ಜಿ. ಇವರೆಲ್ಲರ ಜೊತೆಗೆ ಕರೆಯದೇ ಬಂದ ಆರನೆಯ ಪ್ರಯಾಣಿಕನೊಬ್ಬನಿದ್ದ. ಅದೇ ಉಪಾಧ್ಯಾಯಿನಿಯ ಬೆನ್ನುನೋವು. ಎರಡು ವರ್ಷಗಳಿಂದ ಬಂದು ಹೋಗಿ ಮಾಡುತ್ತಿದ್ದ ಆ ನೋವು, ಹಿಂದಿನ ದೀಪಾವಳಿಯ ಹೊತ್ತಿಗೆ ಆಕೆಯನ್ನು ಎರಡು ವಾರ ಹಾಸಿಗೆಗೆ ಕಟ್ಟಿಹಾಕಿತ್ತು. ಪ್ರಯಾಣವನ್ನು ರದ್ದುಗೊಳಿಸುವ ಮಾತು ಮನೆಯಲ್ಲಿ ಎರಡು ಸಲ ಬಂದಿತ್ತು. ಬಂಧುಗಳ ಸಲಹೆಗಳಿಗಂತೂ ಲೆಕ್ಕವಿರಲಿಲ್ಲ. ಹಲಗೆಯ ಮೇಲೆ ಮಲಗು ಎಂದರು ಒಬ್ಬರು. ಸದಾ ಸಿಪಾಯಿಯಂತೆ ನೆಟ್ಟಗೆ ಕುಳಿತಿರು ಎಂದರು ಮತ್ತೊಬ್ಬರು. ಪರೀಕ್ಷಿಸಿದ ವೈದ್ಯರು ಮಾತ್ರ, “ಹೋಗಿ ಬನ್ನಿ. ಆದರೆ ಎಲ್ಲಿಯೂ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಭಂಗಿಯಲ್ಲಿ ಇರಬೇಡಿ,” ಎಂದಿದ್ದರು.

ಬೆಂಗಳೂರಿನಿಂದ ಎರ್ನಾಕುಲಂಗೆ ಅವರನ್ನು ಕರೆದೊಯ್ದ ರೈಲಿಗೆ ಐಲೆಂಡ್ ಎಕ್ಸ್‌ಪ್ರೆಸ್ ಎಂದೇ ಹೆಸರು. ಹಿಂದೆ ಅದು ಕೊಚ್ಚಿಯ ಬಂದರಿನ ವಿಲ್ಲಿಂಗ್ಡನ್ ದ್ವೀಪದವರೆಗೂ ಓಡುತ್ತಿದ್ದುದರಿಂದ ಆ ಹೆಸರು. ಲಕ್ಷದ್ವೀಪಕ್ಕೆ ಹೊರಡುವ ಹಡಗನ್ನು ಹತ್ತಬೇಕಾದುದೂ ಅದೇ ದ್ವೀಪದ ಕಟ್ಟೆಯಿಂದಲೇ. ಪ್ರವಾಸಿಗಳು ಮುಂಚಿತವಾಗಿ ಪ್ರವೇಶಪತ್ರವನ್ನು ಪಡೆದಿರಬೇಕು. ಮಳೆಗಾಲದಲ್ಲಿ ಕಡಲು ಕೆರಳುವುದರಿಂದ ಮೇ ತಿಂಗಳ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ಈ ವಿಹಾರ ನಿಲ್ಲುತ್ತಿತ್ತು. ಹಗಲೆಲ್ಲ ದ್ವೀಪದಲ್ಲಿ, ರಾತ್ರಿಯೆಲ್ಲ ಹಡಗಿನಲ್ಲಿ. ಕಲ್ಪೇನಿ, ಮಿನಿಕಾಯ್, ಕವರತ್ತಿ ಎಂಬ ಮೂರು ದ್ವೀಪಗಳು, ಐದು ದಿನಗಳು.

ಮೊದಲ ಪರೀಕ್ಷೆ ಕಟ್ಟೆಯ ಮೇಲೆಯೇ ಎದುರಾಯಿತು. ಅತಿ ಭಾರದ ಪೆಟ್ಟಿಗೆಯನ್ನು ಎತ್ತಲು ಉಪಾಧ್ಯಾಯಿನಿ ಅಭ್ಯಾಸಬಲದಿಂದ ಸೊಂಟವನ್ನು ಬಗ್ಗಿಸಿದರು. ನಮ್ಮ ಮನೆಗಳಲ್ಲಿ ಗೃಹಿಣಿಯರು ಭಾರವನ್ನು ಎತ್ತುವುದೇ ಹೀಗೆ. ನೀರಿನ ಕೊಡವಿರಲಿ, ಅಕ್ಕಿಯ ಚೀಲವಿರಲಿ, ಮೊದಲು ಬಾಗುವುದು ಬೆನ್ನೇ. ಜರ್ಮನಿಯ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಸ್ವಯಂಸೇವಕನೊಬ್ಬನ ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆಯೊಳಗೇ, ಅಂದರೆ ಡಿಸ್ಕ್‌ನೊಳಗೇ, ಸೂಕ್ಷ್ಮ ಉಪಕರಣವನ್ನಿಟ್ಟು ಒತ್ತಡವನ್ನು ಅಳೆದಿದ್ದರು. ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ 20 ಕಿಲೋ ಭಾರವನ್ನು ಎತ್ತಿದಾಗ, ಸುಮ್ಮನೆ ನಿಂತಾಗ ಇರುವ ಒತ್ತಡದ ನಾಲ್ಕು ಪಟ್ಟಿಗೂ ಹೆಚ್ಚು ಕಂಡುಬಂದಿತು. ಮಂಡಿಗಳನ್ನು ಮಡಿಸಿ ಎತ್ತಿದಾಗ ಅದು ಇಳಿಯಿತು. ಅದೇ ಭಾರವನ್ನು ಎದೆಗೆ ಅವಚಿಕೊಂಡು ನಿಂತಾಗ ಸುಮಾರು ಎರಡು ಪಟ್ಟು ಮಾತ್ರ. ಅಂದರೆ ಭಾರ ಎಷ್ಟೆಂಬುದರ ಜೊತೆಗೆ, ಅದು ಮೈಯಿಂದ ಎಷ್ಟು ದೂರವಿದೆ ಎಂಬುದೂ ಮುಖ್ಯ. ಕಟ್ಟೆಯ ಮೇಲೆ ಈ ವಿಜ್ಞಾನವನ್ನು ಯಾರೂ ನೆನೆಯಲಿಲ್ಲವೆನ್ನಿ. “ಅದನ್ನು ಮುಟ್ಟಬೇಡಮ್ಮಾ, ಗಂಡಸರು ಯಾತಕ್ಕಿದ್ದಾರೆ?” ಎಂದು ಅಜ್ಜಿ ಗದರಿದರು; ಯಜಮಾನರು ಮರುಮಾತಾಡದೆ ಪೆಟ್ಟಿಗೆಯನ್ನು ತೆಗೆದುಕೊಂಡರು.

ಹಡಗಿನ ಕೋಣೆ ಇಕ್ಕಟ್ಟಾಗಿತ್ತು. ಒಂದರ ಮೇಲೊಂದು ಮಲಗುವ ಹಲಗೆಗಳು, ಮೇಲಿನದಕ್ಕೆ ಏಣಿ. ಎಲ್ಲರಿಗೂ ಕೆಳಗಿನ ಸ್ಥಳವನ್ನು ಬಿಟ್ಟುಕೊಟ್ಟು ತಾವು ಏಣಿ ಹತ್ತಲು ಹೊರಟಿದ್ದ ಉಪಾಧ್ಯಾಯಿನಿಯನ್ನು ಮಗಳು ಕೈಹಿಡಿದು ಇಳಿಸಿದಳು. ಮಗ್ಗುಲಾಗಿ ಮಲಗಿ ಮಂಡಿಗಳ ನಡುವೆ ಒಂದು ದಿಂಬು. ಅಂಗಾತ ಮಲಗಿದರೆ ಮಂಡಿಗಳ ಕೆಳಗೆ ಅದೇ ದಿಂಬು. ಇಷ್ಟರಿಂದಲೇ ಸೊಂಟದ ಸೆಳೆತ ಎಷ್ಟೋ ಹಗುರವಾಗುತ್ತದೆ.

ಸಂಜೆ ಕೊಚ್ಚಿಯ ದೀಪಗಳು ಹಿಂದೆ ಸರಿದು ಹಡಗು ತೆರೆದ ಕಡಲನ್ನು ಸೇರಿದೊಡನೆ ನೆಲವೇ ಉಸಿರಾಡುವಂತೆ ಏರಿಳಿಯತೊಡಗಿತು. ಹುಡುಗನಿಗೆ ಹೊಟ್ಟೆ ತೊಳಸಿತು. ಅವನನ್ನು ಹಡಗಿನ ನಡುಭಾಗಕ್ಕೆ ಕರೆತಂದು, ದೂರದ ದಿಗಂತವನ್ನೇ ನೋಡುವಂತೆ ನಿಲ್ಲಿಸಿದ ಮೇಲೆ ಸ್ವಲ್ಪ ಶಮನವಾಯಿತು. ಉಪಾಧ್ಯಾಯಿನಿಗೆ ಬೇರೊಂದು ಕಷ್ಟ. ನೋವಿನ ಭಯದಿಂದ ಆಕೆ ಕಾಲುಗಳನ್ನು ಕಂಬದಂತೆ ಸೆಟೆಸಿ ನಿಂತಿದ್ದರು. ಹಡಗಿನ ಪ್ರತಿಯೊಂದು ತೂಗಾಟವೂ ನೇರವಾಗಿ ಸೊಂಟಕ್ಕೇ ಬಡಿಯುತ್ತಿತ್ತು. ಹಾದುಹೋಗುತ್ತಿದ್ದ ನಾವಿಕನೊಬ್ಬನು ಇದನ್ನು ಕಂಡು, ಕಾಲುಗಳನ್ನು ಅಗಲಿಸಿ ಮಂಡಿಗಳನ್ನು ಸಡಿಲಬಿಟ್ಟು ನಿಲ್ಲುವ ಬಗೆಯನ್ನು ಮಾತಿಲ್ಲದೆಯೇ ತೋರಿಸಿಕೊಟ್ಟನು. ಆತನು ಮಿನಿಕಾಯ್‌ನವನು. ಆ ದ್ವೀಪದ ಗಂಡಸರು ತಲೆತಲಾಂತರದಿಂದ ನಾವಿಕರು. ಜಗತ್ತಿನ ಯಾವ ಕಡಲಿನಲ್ಲಿ ನೋಡಿದರೂ ಅವರಲ್ಲೊಬ್ಬನು ಇದ್ದಾನೆಂದರೆ ಉತ್ಪ್ರೇಕ್ಷೆಯಾಗದು.

ಬೆನ್ನಿನ ವಿಷಯದಲ್ಲಿ ವಿಜ್ಞಾನವೂ ಈ ನಾವಿಕನ ಕಡೆಗೇ ವಾಲಿದೆ. ಸ್ವೀಡನ್ನಿನ ಶಸ್ತ್ರವೈದ್ಯ ನಾಕೆಮ್ಸನ್ 1960ರ ದಶಕದಲ್ಲಿ ನಡೆಸಿದ ಅಳತೆಗಳಿಂದ, ನಿಂತಾಗಿಗಿಂತ ಕುಳಿತಾಗಲೇ ಡಿಸ್ಕ್‌ಗೆ ಒತ್ತಡ ಹೆಚ್ಚೆಂಬ ತಿಳಿವಳಿಕೆ ಹರಡಿತು. ನೆಟ್ಟಗೆ ಕುಳಿತುಕೊಳ್ಳಿರೆಂಬ ಉಪದೇಶಕ್ಕೆ ಬಹುಕಾಲ ಅದೇ ಆಧಾರ. ಆದರೆ 1999ರ ಪ್ರಯೋಗದಲ್ಲಿ ಸಡಿಲವಾಗಿ ಒರಗಿ ಕುಳಿತಾಗ ಒತ್ತಡ ಇನ್ನೂ ಕಡಿಮೆಯಿತ್ತು! ಇಂದು ತಜ್ಞರು ಯಾವುದೋ ಒಂದೇ ಭಂಗಿಯನ್ನು ಸರಿಯೆಂದು ಎತ್ತಿಹಿಡಿಯುವುದಿಲ್ಲ. ಯಾವ ಭಂಗಿಯಾದರೂ ಬಹಳ ಹೊತ್ತು ಬದಲಾಗದಿದ್ದರೆ ಮೈಗೆ ಒಗ್ಗದು. ನಡಿಗೆ ಮತ್ತು ಕ್ರಮವಾದ ವ್ಯಾಯಾಮದಷ್ಟು ನೋವನ್ನು ತಡೆಯುವ ಉಪಾಯ ಬೇರೆ ಇಲ್ಲ. ವಾರಗಟ್ಟಲೆ ಹಾಸಿಗೆ ಹಿಡಿಯುವ ಹಳೆಯ ಪದ್ಧತಿಯನ್ನು ವೈದ್ಯರು ಕೈಬಿಟ್ಟು ಬಹಳ ಕಾಲವಾಯಿತು. ಕಾಲು ಮರಗಟ್ಟುವುದು, ಬಲಗುಂದುವುದು, ಮೂತ್ರದ ಹಿಡಿತ ತಪ್ಪುವುದು, ಜ್ವರ ಬರುವುದು ಇವು ಕಂಡರೆ ಮಾತ್ರ ಭಂಗಿಯ ಮಾತನ್ನು ಬದಿಗಿಟ್ಟು ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಮರುದಿನ ಮುಂಜಾನೆ ಕಲ್ಪೇನಿ ಕಾಣಿಸಿತು. ಕಡುನೀಲಿ ಕಡಲಿನ ನಡುವೆ ಒಮ್ಮೆಲೆ ಹಸಿರು ಗಾಜಿನಂಥ ನೀರು. ಅದರಾಚೆ ಬಿಳಿಯ ಮರಳು. ಅದರ ಮೇಲೆ ತೆಂಗು, ಮತ್ತೆ ತೆಂಗು. ಹವಳದ ದಿಬ್ಬವು ಸುತ್ತುಗೋಡೆಯಂತೆ ಅಲೆಗಳನ್ನು ಹೊರಗೇ ತಡೆಯುವುದರಿಂದ ಒಳಗಿನ ಕಡಲಕೊಳವು ಕೆರೆಯಂತೆ ಶಾಂತ. ಹಡಗು ಅದರೊಳಗೆ ಬರಲಾರದು. ಹೊರಗೇ ಲಂಗರು ಹಾಕಿ, ಪ್ರಯಾಣಿಕರನ್ನು ಹಡಗಿನ ಪಕ್ಕದ ಬಾಗಿಲಿನಿಂದ ದೋಣಿಗಳಿಗೆ ಇಳಿಸುತ್ತಾರೆ. ದೋಣಿ ಒಮ್ಮೆ ಮೊಣಕಾಲೆತ್ತರಕ್ಕೆ ಬರುತ್ತದೆ. ಮರುಕ್ಷಣ ಆಳೆತ್ತರ ಕೆಳಗಿರುತ್ತದೆ. ಅಲ್ಲಿ ನಿಂತ ಉಪಾಧ್ಯಾಯಿನಿಯ ಮುಖ ಬಿಳುಪೇರಿತು. ಇಬ್ಬರು ನಾವಿಕರು ಮುಂಗೈಗಳನ್ನು ಬಲವಾಗಿ ಹಿಡಿದು, ದೋಣಿ ಅಲೆಯ ನೆತ್ತಿಗೇರಿದ ಕ್ಷಣಕ್ಕಾಗಿ ಕಾದರು. ಹಾರಬಾರದು, ಹೆಜ್ಜೆಯಿಡಬೇಕು. ಆಕೆ ಹೆಜ್ಜೆಯಿಟ್ಟರು. ಹಿಂದೆಯೇ ಅಜ್ಜಿ ಬಂದರು, ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಸ್ಸಿನಿಂದ ಇಳಿದಷ್ಟೇ ನಿರಾಯಾಸವಾಗಿ.

ಕಲ್ಪೇನಿಯ ಪೂರ್ವದ ಅಂಚಿನಲ್ಲಿ ಹವಳದ ಬಂಡೆಗಳ ಉದ್ದನೆಯ ದಂಡೆಯೊಂದಿದೆ. 1847ರ ಭೀಕರ ಚಂಡಮಾರುತವು ಕಡಲಿನಿಂದ ಎತ್ತಿ ಎಸೆದ ಬಂಡೆಗಳವು. ಕೆಲವೇ ಅಡಿ ಎತ್ತರದ ಈ ನೆಲದಲ್ಲಿ ಬಾಳುವವರಿಗೆ ಕಡಲು ಅನ್ನದಾತನೂ ಹೌದು, ಎಂದಿಗೂ ಕಣ್ಣುಮುಚ್ಚಿ ನಂಬಲಾಗದ ನೆರೆಯವನೂ ಹೌದು. ಹವಳಕ್ಕೂ ಇಂದು ಕಷ್ಟಕಾಲ. 1998, 2010 ಮತ್ತು 2016ರಲ್ಲಿ ಕಡಲಿನ ನೀರು ಮಿತಿಮೀರಿ ಬಿಸಿಯಾಗಿ ಇಲ್ಲಿಯ ಹವಳಗಳು ಬಣ್ಣಗೆಟ್ಟು ಬಿಳಚಿದುವು. ಹವಳ ಸತ್ತರೆ ಸುತ್ತುಗೋಡೆ ಸವೆಯುತ್ತದೆ. ಗೋಡೆ ಸವೆದರೆ ದ್ವೀಪಕ್ಕೆ ರಕ್ಷೆಯಿಲ್ಲ.

ಅಂದು ಸಂಜೆ ಹಿಂದಿರುಗುವಾಗ ಅವಘಡ ನಡೆಯಿತು. ಮಕ್ಕಳ ಒದ್ದೆ ಬಟ್ಟೆಗಳ ಚೀಲವನ್ನು ಉಪಾಧ್ಯಾಯಿನಿ ಕುಳಿತಲ್ಲಿಂದಲೇ ಮೈಯನ್ನು ತಿರುಚಿ ಎತ್ತಿದರು. ಬಾಗುವುದು, ತಿರುಚುವುದು, ಎತ್ತುವುದು ಈ ಮೂರೂ ಒಂದಾದರೆ ಬೆನ್ನು ಸುಲಭವಾಗಿ ಕ್ಷಮಿಸದು. ರಾತ್ರಿಯಿಡೀ ಆಕೆ ನರಳದೆ ನರಳಿದರು. ಬೆಳಗಾಗುವ ಹೊತ್ತಿಗೆ, “ನೀವೆಲ್ಲ ಹೋಗಿ ಬನ್ನಿ, ನಾನು ಇಲ್ಲೇ ಇರುತ್ತೇನೆ,” ಎಂದರು. ಯಜಮಾನರು ತಾವೂ ಇಳಿಯುವುದಿಲ್ಲವೆಂದು ಕುಳಿತರು. ಮಕ್ಕಳು ಮಾತಿಲ್ಲದೆ ಕಿಟಕಿಯತ್ತ ತಿರುಗಿದರು. ಕಿಟಕಿಯಲ್ಲಿ ಮಿನಿಕಾಯ್‌ನ ದೀಪಸ್ತಂಭವು ನಿಂತಿತ್ತು.

ವೈದ್ಯರ ಮಾತನ್ನು ನೆನಪಿಸಿದವರು ಅಜ್ಜಿ. “ಮಲಗಬೇಡ, ನಡೆಯಬೇಕು ಎಂದು ಅವರು ಹೇಳಲಿಲ್ಲವೇ? ಏಳು ತಾಯಿ. ಕೈಗೆ ಯಾವ ಚೀಲವನ್ನೂ ಕೊಡುವುದಿಲ್ಲ.” ರಾತ್ರಿಯ ನಿದ್ರೆಯಲ್ಲಿ ಡಿಸ್ಕ್‌ಗಳು ನೀರನ್ನು ಹೀರಿ ಉಬ್ಬುತ್ತವೆ; ಮುಂಜಾನೆ ಮನುಷ್ಯ ಒಂದೆರಡು ಸೆಂಟಿಮೀಟರಿನಷ್ಟು ಎತ್ತರವಾಗಿಯೂ ಇರುತ್ತಾನೆ. ಎದ್ದೊಡನೆ ಬಾಗಬಾರದೆನ್ನುವುದು ಈ ಕಾರಣಕ್ಕೆ. ಆಕೆ ಕೋಣೆಯಲ್ಲಿ ಮೆಲ್ಲನೆ ಅರ್ಧ ಗಂಟೆ ಅಡ್ಡಾಡಿದರು. ಚಪ್ಪಲಿಯ ಪಟ್ಟಿಯನ್ನು ಮಗನೇ ಕಟ್ಟಿದನು. ಬಳಿಕ ದೋಣಿ.

ಒಂಬತ್ತನೆಯ ಡಿಗ್ರಿಯ ಕಡಲುದಾರಿಯು ಮಿನಿಕಾಯ್‌ಯನ್ನು ಉಳಿದ ದ್ವೀಪಗಳಿಂದ ಬೇರ್ಪಡಿಸಿದೆ. ನುಡಿಯೂ ಬೇರೆ. ಇತರ ದ್ವೀಪಗಳಲ್ಲಿ ಮಲಯಾಳದ ಒಂದು ಬಗೆ; ಇಲ್ಲಿ ಮಾಲ್ದೀವಿನ ನುಡಿಗೆ ಸೇರಿದ ಮಹಲ್, ಅದನ್ನು ಬರೆಯುವುದು ಬಲದಿಂದ ಎಡಕ್ಕೆ. ಗಂಡಸರು ಕಡಲಿನಲ್ಲಿರುವಾಗ ಮನೆ, ಊರು ಎರಡನ್ನೂ ನಡೆಸುವವರು ಹೆಂಗಸರೇ. ಬ್ರಿಟಿಷರು 1885ರಲ್ಲಿ ಕಟ್ಟಿದ ದೀಪಸ್ತಂಭವನ್ನು ಯಜಮಾನರೂ ಮಕ್ಕಳೂ ಹತ್ತಿದರು. ಉಪಾಧ್ಯಾಯಿನಿ ಹತ್ತಲಿಲ್ಲ, ತೆಂಗಿನ ತೋಪಿನ ದಾರಿಯಲ್ಲಿ ಅತ್ತೆಯೊಡನೆ ನಿಧಾನವಾಗಿ ನಡೆದರು. ದಣಿದಾಗ ಕುಳಿತರು, ಕುಳಿತು ಸಾಕಾದಾಗ ಎದ್ದರು. ಮೇಲಿನಿಂದ ಎರಡು ಪುಟ್ಟ ಕೈಗಳು ಬೀಸಿದಾಗ ತಾವೂ ಕೈ ಎತ್ತಿದರು. ಮಧ್ಯಾಹ್ನದ ವೇಳೆಗೆ ಬಿಗಿತ ಸಾಕಷ್ಟು ಕರಗಿತ್ತು.

ಕೊನೆಯದು ಕವರತ್ತಿ, 1964ರಿಂದ ದ್ವೀಪಗಳ ಆಡಳಿತ ಕೇಂದ್ರ. ಉಜ್ರಾ ಮಸೀದಿಯ ಮರದ ಚಾವಣಿಯ ಕೆತ್ತನೆ ಇಲ್ಲಿಯ ಹೆಮ್ಮೆ. ನದಿಯಿಲ್ಲದ ಈ ನೆಲದಲ್ಲಿ ಸಿಹಿನೀರು ಬಂಗಾರಕ್ಕೆ ಸಮಾನ. 2005ರಲ್ಲಿ ಇಲ್ಲಿ ಸ್ಥಾಪಿತವಾದ ಸ್ಥಾವರವು ದಿನಕ್ಕೆ 1 ಲಕ್ಷ ಲೀಟರು ನೀರಿಗೆಂದು ರಚಿತವಾದುದು. ಕಡಲಿನ ಮೇಲ್ಪದರದ ಬೆಚ್ಚನೆಯ ನೀರನ್ನು ಕಡಿಮೆ ಒತ್ತಡದಲ್ಲಿ ಆವಿಯಾಗಿಸಿ, ಸುಮಾರು 350 ಮೀಟರು ಆಳದಿಂದ ಮೇಲೆತ್ತಿದ ತಣ್ಣೀರಿನಿಂದ ಆ ಆವಿಯನ್ನು ಮತ್ತೆ ನೀರಾಗಿಸುವ ಜಾಣ್ಮೆ ಅದು. ಹುಡುಗನು ಆ ನೀರನ್ನು ಕುಡಿದು, “ಉಪ್ಪೇ ಇಲ್ಲವಲ್ಲಮ್ಮ!” ಎಂದು ಬೆರಗಾದನು.

ಆ ಮಧ್ಯಾಹ್ನ ಉಪಾಧ್ಯಾಯಿನಿ ತೇಲುವ ಅಂಗಿಯನ್ನು ತೊಟ್ಟು ಕಡಲಕೊಳಕ್ಕೆ ಇಳಿದರು. ಉಪ್ಪುನೀರು ಮೈಯ ಭಾರವನ್ನು ತಾನೇ ಹೊತ್ತುಕೊಂಡಿತು. ಅಂಗಾತ ತೇಲುತ್ತ, ಕಿವಿಗಳು ನೀರಿನಲ್ಲಿ ಮುಳುಗಿ, ಆಕೆ ಬಹಳ ಹೊತ್ತು ಬಾನನ್ನು ನೋಡುತ್ತಿದ್ದರು. ದಡದಲ್ಲಿ ಅಜ್ಜಿ ಪಾದಗಳನ್ನು ನೀರಿನಲ್ಲಿಟ್ಟುಕೊಂಡು ಚಟ್ನಿಪುಡಿಯ ಡಬ್ಬಿಯನ್ನು ಕಾಯುತ್ತಿದ್ದರು. ಊಟಕ್ಕೆ ಕರೆಯಲು ಬಂದ ಯಜಮಾನರು, ಕೂಗಲು ಬಾಯಿ ತೆರೆದವರು, ಕೂಗದೆ ತಾಯಿಯ ಪಕ್ಕದಲ್ಲಿ ಮರಳಿನ ಮೇಲೆ ಕುಳಿತರು.