ಪೆಟ್ರೋಲ್ ಗೇಜಿನ ಮುಳ್ಳು ಏನನ್ನು ಅಳೆಯುತ್ತದೆ?

ಹತ್ತನೇ ತರಗತಿಯ ಓಮ್‌ನ ನಿಯಮಕ್ಕೆ ಉದಾಹರಣೆಯಾಗಿ ನಾನು ಬೈಕಿನ ಪೆಟ್ರೋಲ್ ಗೇಜನ್ನು ಆರಿಸಿಕೊಂಡೆ. ಟ್ಯಾಂಕಿನೊಳಗೆ ಒಂದು ಫ್ಲೋಟ್ ತೇಲುತ್ತಿರುತ್ತದೆ. ಅದಕ್ಕೆ ಜೋಡಿಸಿದ ಕಡ್ಡಿಯ ಇನ್ನೊಂದು ತುದಿ ರೋಧಕದ ಮೇಲೆ ಜಾರುತ್ತದೆ. ಪೆಟ್ರೋಲ್ ಇಳಿದಂತೆ ಫ್ಲೋಟ್ ಇಳಿಯುತ್ತದೆ, ರೋಧ ಬದಲಾಗುತ್ತದೆ, ಅದರೊಡನೆ ವಿದ್ಯುತ್ ಪ್ರವಾಹವೂ ಬದಲಾಗಿ ಮುಳ್ಳು ಸರಿಯುತ್ತದೆ. 12 ವೋಲ್ಟ್ ಬ್ಯಾಟರಿಗೆ ಮಂಡಲದ ರೋಧ 60 ಓಮ್ ಇದ್ದರೆ 0.2 ಆಂಪಿಯರ್, 120 ಓಮ್ ಆದರೆ 0.1 ಆಂಪಿಯರ್ ಎಂದು ಮಕ್ಕಳೇ ಲೆಕ್ಕ ಹಾಕಿದರು.

ಆಗ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು: "ಮಿಸ್, ಸೈಡ್ ಸ್ಟ್ಯಾಂಡ್ ಹಾಕಿದ್ರೆ ಮುಳ್ಳು ಬೇರೆ ತೋರಿಸುತ್ತಲ್ಲ, ಯಾಕೆ?"

ಅವಧಿ ಮುಗಿಯಲು ಎಂಟು ನಿಮಿಷವಿತ್ತು. ಪಾಠಯೋಜನೆಯ ಪ್ರಕಾರ ಅದು ಮೌಲ್ಯಮಾಪನದ ಸಮಯ. ವೀಕ್ಷಕರು ಹಿಂದೆ ಕೂತು ಬರೆದುಕೊಳ್ಳುತ್ತಿದ್ದರು. ನಾನು ಪ್ರಶ್ನೆಯನ್ನೇ ಹಿಡಿದೆ. ಅರ್ಧ ನೀರಿದ್ದ ಬಾಟಲಿಯ ಎರಡೂ ಬದಿಗೆ ಸ್ಕೆಚ್ ಪೆನ್ನಿನಿಂದ ನೀರಿನ ಮಟ್ಟ ಗುರುತಿಸಿ, ಓರೆ ಮಾಡಲು ಹೇಳಿದೆ. ಒಂದು ಬದಿಯಲ್ಲಿ ನೀರು ಗುರುತಿಗಿಂತ ಏರಿತು, ಇನ್ನೊಂದರಲ್ಲಿ ಇಳಿಯಿತು.

"ನೀರು ಅಷ್ಟೇ ಇದೆ. ಹಾಗಾದ್ರೆ ಮುಳ್ಳು ತೋರಿಸೋದು ಲೀಟರ್ ಅಲ್ಲ ಮಿಸ್, ಫ್ಲೋಟ್ ಎಷ್ಟು ಎತ್ತರದಲ್ಲಿದೆ ಅನ್ನೋದನ್ನ" ಎಂದಳು ಒಬ್ಬ ಹುಡುಗಿ.

ಗಂಟೆ ಹೊಡೆಯಿತು. ನಾನು ಬರೆದುಕೊಂಡಿದ್ದ ಐದು ಪ್ರಶ್ನೆಗಳು ಹಾಗೇ ಉಳಿದವು. ಮೌಲ್ಯಮಾಪನದ ಕಲಮಿನಲ್ಲಿ ಅಂಕ ಕಡಿಮೆ ಬಂತು. ಆದರೆ ಆ ಐದಕ್ಕೂ ಉತ್ತರ ಪಠ್ಯಪುಸ್ತಕದಲ್ಲಿತ್ತು. ಹುಡುಗಿ ಹೇಳಿದ್ದು ಅಲ್ಲಿರಲಿಲ್ಲ. ಈಗ ಪ್ರತಿ ಪಾಠಯೋಜನೆಯಲ್ಲೂ ಮಕ್ಕಳ ಪ್ರಶ್ನೆಗೆಂದೇ ಐದು ನಿಮಿಷ ಬರೆದಿಡುತ್ತೇನೆ.