ಮನ ರಾಯಲು

ವಿಜಯವಾಡಕ್ಕೆ ಹೋದ ಹೊಸದರಲ್ಲಿ ನನಗೆ ಆ ಸೀಮೆಯ ಪರಿಚಯ ಮಾಡಿಸಿದ್ದು ಮನೆ ಓನರ್ ಅಮ್ಮನ ರೇಡಿಯೋ. ‘ಆಕಾಶವಾಣಿ, ವಿಜಯವಾಡ ಕೇಂದ್ರಂ’ ಅಂದಾಗಲೆಲ್ಲ ನನಗೆ ಒಳಗೊಳಗೇ ಜಂಬ. ಈ ಕೇಂದ್ರ ಶುರುವಾದದ್ದು 1948ರಲ್ಲಿ. ‘ಆಕಾಶವಾಣಿ’ ಎಂಬುದು ಅದಕ್ಕೂ ಮುಂಚೆ, 1935ರಲ್ಲಿ, ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದ ಬಾನುಲಿಯ ಹೆಸರಲ್ಲವೇ!

ಒಂದು ಸಂಜೆ ಸ್ಥಳೀಯ ಚರಿತ್ರೆಯ ಮಾತು ಬರುತ್ತಿತ್ತು. ಪಕ್ಕದ ಕೊಂಡಪಲ್ಲಿ ಕೋಟೆಯನ್ನು ಗಜಪತಿಗಳಿಂದ ಗೆದ್ದ ಕೃಷ್ಣದೇವರಾಯರು 1516ರಲ್ಲಿ ವಿಶಾಖಪಟ್ಟಣದ ಸಿಂಹಾಚಲಕ್ಕೆ ಹೋಗಿ, ನರಸಿಂಹಸ್ವಾಮಿಗೆ ಮುತ್ತಿನ ಹಾರ ಒಪ್ಪಿಸಿದರಂತೆ. ಗುಡಿಯಲ್ಲಿ ಅದರ ಶಾಸನವೇ ಇದೆಯಂತೆ. ಹೇಳುತ್ತಿದ್ದವರು ಮಾತುಮಾತಿಗೂ ‘ಮನ ರಾಯಲು’ ಅನ್ನುತ್ತಿದ್ದರು. ನನಗೆ ರೇಗಿತು. “ಹಂಪಿಯವರಮ್ಮ, ಅವರು ನಮ್ಮ ರಾಯರು” ಅಂದೆ, ಅರೆಬರೆ ತೆಲುಗಿನಲ್ಲಿ.

ಅಮ್ಮ ನಕ್ಕುಬಿಟ್ಟರು. “‘ಮಾ’ ಅಂದಿದ್ರೆ ನಮ್ಮವರು ಮಾತ್ರ, ನಿನ್ನವರಲ್ಲ. ‘ಮನ’ ಅಂದ್ರೆ ಕೇಳ್ತಾ ಕೂತಿರೋ ನಿನ್ನವರೂ ಹೌದು, ಬಾಬು.”

ನಮ್ಮ ‘ನಮ್ಮ’ದಲ್ಲಿ ಈ ಎರಡು ಬಗೆ ಇಲ್ಲ. ಯಾರು ಒಳಗೆ, ಯಾರು ಹೊರಗೆ ಅಂತ ಸಂದರ್ಭವೇ ಹೇಳಬೇಕು.

ಆ ವಾರ ಮನೆಗೆ ಫೋನು ಮಾಡಿದಾಗ “ನಮ್ಮೂರಲ್ಲಿ ಜೋರು ಮಳೆ ಅಪ್ಪಾ” ಅಂದೆ.

“ಯಾವೂರಲ್ಲೋ?” ಅಂದರು ಅಪ್ಪ.