ಫ್ಲಾರೆನ್ಸಿನ ವೈನುಪಟ್ಟಿ

ಫ್ಲಾರೆನ್ಸ್ ನಗರದ ದೊಡ್ಡ ಭೋಜನಶಾಲೆಗಳಲ್ಲಿ ಊಟದ ಪಟ್ಟಿಯೊಡನೆ ಇನ್ನೊಂದು ಹೊತ್ತಗೆಯೂ ಮೇಜಿಗೆ ಬರುತ್ತದೆ. ಅದು ವೈನುಗಳ ಪಟ್ಟಿ. ಅದನ್ನು ತೆರೆದ ಪ್ರವಾಸಿಯ ಕಣ್ಣು ಮೊದಲು ಬೆಲೆಯ ಸಾಲಿಗೆ ಹಾರುವುದು ಸಹಜವೇ. ಆದರೆ ಪಟ್ಟಿಯ ಯೋಗ್ಯತೆ ತಿಳಿಯಬೇಕಾದರೆ ಊರ ಹೆಸರುಗಳನ್ನು ಓದಬೇಕು.

ಇಟಲಿಯ ವೈನಿಗೆ ನೆಲವೇ ಕುಲ. ನಗರದ ದಕ್ಷಿಣಕ್ಕಿರುವ ಕಿಯಾಂತಿ ಸೀಮೆಯ ಎಲ್ಲೆಯನ್ನು ಟಸ್ಕನಿಯ ಗ್ರ್ಯಾಂಡ್ ಡ್ಯೂಕ್ ಮೂರನೆಯ ಕೊಸಿಮೊ 1716ರಲ್ಲಿಯೇ ಶಾಸನದಿಂದ ಗೊತ್ತುಮಾಡಿದನು. 1963ರ ಕಾನೂನು ದೇಶಕ್ಕೆಲ್ಲ ಇಂಥ ದರ್ಜೆಗಳನ್ನು ತಂದಿತು. ಕರಿಹುಂಜದ ಮುದ್ರೆಯುಳ್ಳ ಕಿಯಾಂತಿ ಕ್ಲಾಸಿಕೊದಲ್ಲಿ ನೂರಕ್ಕೆ 80 ಪಾಲಾದರೂ ಸಾಂಜೊವೇಸೆ ದ್ರಾಕ್ಷಿಯಿರಬೇಕು. ಮೊಂತಾಲ್ಚೀನೊದ ಬ್ರುನೆಲ್ಲೊ ಪೂರ್ತಿಯಾಗಿ ಅದೇ ದ್ರಾಕ್ಷಿಯದು. ಕೊಯ್ಲಿನ ಮುಂದಿನ ಐದನೆಯ ವರ್ಷ ಹುಟ್ಟುವ ತನಕ ಅದನ್ನು ಮಾರುವಂತಿಲ್ಲ. ಕಾದ ಕಾಲಕ್ಕೂ ಬೆಲೆಯುಂಟಷ್ಟೆ!

ಹಾಗೆಂದು ದರ್ಜೆಯನ್ನೇ ನಂಬಿ ಕೂರುವಂತಿಲ್ಲ. ಕಡಲಂಚಿನ ಬೊಲ್ಗೆರಿಯಲ್ಲಿ ಫ್ರಾನ್ಸಿನ ಕಾಬೆರ್ನೆ ತಳಿಗಳಿಂದ ಮಾಡಿದ ಸಾಸ್ಸಿಕಾಯ 1968ರ ಬೆಳೆಯಿಂದ ಮಾರುಕಟ್ಟೆಗೆ ಬಂದಾಗ, ಕಾನೂನಿನ ಕಣ್ಣಿಗೆ ಬರಿಯ ‘ಮೇಜಿನ ವೈನು’, ಎಲ್ಲಕ್ಕೂ ಕೆಳಗಿನದು. ಲೋಕ ಅದನ್ನು ತಲೆಯ ಮೇಲೆ ಹೊತ್ತಿತು. ಕಾನೂನು 1994ರಲ್ಲಿ ಹಿಂಬಾಲಿಸಿತು.

ಆದುದರಿಂದ ಪಟ್ಟಿಯ ತುದಿಯ ಸೀಸೆಗಿಂತ ಬುಡದ ಸೀಸೆಯೇ ಹೆಚ್ಚು ಹೇಳುತ್ತದೆ. ಹೆಸರುವಾಸಿಯಾದುದನ್ನು ಹಣವಿದ್ದ ಯಾರಾದರೂ ಕೊಂಡಿಡಬಹುದು. ಸುತ್ತಲ ಬೆಟ್ಟಗಳಿಂದ ಸಾಧಾರಣ ಬೆಲೆಯ ಒಳ್ಳೆಯ ವೈನನ್ನು ಹುಡುಕಿ ತರಲು ರುಚಿಯೂ ಶ್ರಮವೂ ಬೇಕು. ಊರು, ತಳಿ, ಬೆಳೆಯ ವರ್ಷ, ಮಾಡಿದವನ ಹೆಸರು ಈ ನಾಲ್ಕನ್ನೂ ಆ ಅಗ್ಗದ ಸೀಸೆಯ ಮುಂದೆಯೂ ಬರೆದಿದ್ದರೆ, ಹಗುರ ಜೇಬಿನ ಅತಿಥಿಗೂ ಆ ಮನೆಯಲ್ಲಿ ಮರ್ಯಾದೆಯಿದೆಯೆಂದು ತಿಳಿಯಬಹುದು.